‘ಆಂಬುಲೆನ್ಸ್ ಬೇಡ’ ಅನ್ನುವವರನ್ನು ‘ಯಾಕೆ’ ಎಂದು ಕೇಳೋಣ

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆ ದಿನವೂ ಸುದ್ದಿಯಲ್ಲಿತ್ತು. ಹೃದಯಾಘಾತದ ಸಾವುಗಳ ವರದಿ ಒಂದರ ಹಿಂದೆ ಒಂದು ಬಂತು. ಸತ್ತವರಲ್ಲಿ ನಮ್ಮ ವಯಸ್ಸಿನವರೂ ಇದ್ದರು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳಿಗೆ ತಪಾಸಣೆಗೆಂದು ಜನ ಮುಗಿಬಿದ್ದರು. ಇಂಥ ಸಾವುಗಳು ಅಸಹಜವಾಗಿ ಏರಿಲ್ಲ ಎಂದು ತಜ್ಞರ ಸಮಿತಿ ವರದಿ ಕೊಟ್ಟ ಮೇಲೆ ಗದ್ದಲ ತಣ್ಣಗಾಯಿತು. ಆ ಗದ್ದಲದಲ್ಲಿ ಹೆಚ್ಚು ಚರ್ಚೆಯಾಗದ ಪ್ರಶ್ನೆಯೊಂದು ನನಗೆ ಉಳಿದುಕೊಂಡಿದೆ. ಏನೂ ಆಗದಿರುವಾಗ ಆಸ್ಪತ್ರೆಗೆ ಓಡುವ ನಾವು, ನಿಜವಾಗಿ ಎದೆನೋವು ಬಂದ ರಾತ್ರಿ ಮನೆ ಬಾಗಿಲಿಗೆ ಬಂದ ಆಂಬುಲೆನ್ಸನ್ನು ವಾಪಸ್ ಕಳಿಸುವುದೇಕೆ?

ನಾನು ಬಿ.ಎಸ್ಸಿ. ನರ್ಸಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿ. ಒಂದು ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಪೋಸ್ಟಿಂಗ್ ಇದ್ದಾಗ 108 ಸಿಬ್ಬಂದಿಯ ಬಾಯಲ್ಲಿ ಪದೇ ಪದೇ ಕೇಳಿದ ಮಾತು: ‘ಪೇಷೆಂಟ್ ಬರಲ್ಲ ಅಂದ್ರು ಸಿಸ್ಟರ್, ಸೈನ್ ಹಾಕಿಸ್ಕೊಂಡು ಬಂದ್ವಿ.’ ಕರೆ ಹೋಗಿದೆ, ಗಾಡಿ ಬಂದಿದೆ, ಬಿ.ಪಿ. ನೋಡಿದ್ದಾರೆ. ಕೊನೆಗೆ ರೋಗಿ ಮಾತ್ರ ಮಂಚದಿಂದ ಏಳುವುದಿಲ್ಲ. ‘ಗ್ಯಾಸ್ಟ್ರಿಕ್ ಇರಬೇಕು, ಈಗ ಕಡಿಮೆಯಾಯ್ತು, ಬೆಳಗ್ಗೆ ನೋಡೋಣ.’

ನಮ್ಮ ರಾಜ್ಯದಲ್ಲಿ 108 ಸೇವೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಶುರುವಾಯಿತು. ಕರೆಯೂ ಉಚಿತ, ಪ್ರಯಾಣವೂ ಉಚಿತ. ಆದರೂ ಜನ ಬೇಡ ಎನ್ನುತ್ತಾರೆಂದರೆ ಸುಲಭವಾಗಿ ‘ತಿಳಿವಳಿಕೆ ಇಲ್ಲ’ ಎಂದುಬಿಡುತ್ತೇವೆ. ನಾನು ನೋಡಿದ ಮಟ್ಟಿಗೆ ಅದು ಅರ್ಧ ಸತ್ಯ. ಹೆಚ್ಚಿನವರು ಬೇಡ ಎನ್ನುವುದು ಆಂಬುಲೆನ್ಸಿಗಲ್ಲ. ಅದು ಹೋಗಿ ನಿಲ್ಲುವ ಜಾಗಕ್ಕೆ, ಅಲ್ಲಿಂದ ಮುಂದೆ ಶುರುವಾಗುವ ಖರ್ಚಿಗೆ, ಹಿಂದೆ ಬಿಟ್ಟುಹೋಗುವ ಕೆಲಸಕ್ಕೆ.

ಒಂದು ಉದಾಹರಣೆ ಹೇಳುತ್ತೇನೆ. ಐವತ್ತು ದಾಟಿದ ರೈತರೊಬ್ಬರು ಬೆಳಗ್ಗೆ ಏಳರ ಹೊತ್ತಿಗೆ ಲಗೇಜ್ ಆಟೊದಲ್ಲಿ ಮಲಗಿಕೊಂಡು ಬಂದರು. ಹಿಂದಿನ ರಾತ್ರಿ ಹನ್ನೊಂದಕ್ಕೇ ಎದೆ ಹಿಡಿದುಕೊಂಡಿತ್ತು. ಮಗ 108ಕ್ಕೆ ಕರೆ ಮಾಡಿದ್ದ, ಗಾಡಿಯೂ ಬಂದಿತ್ತು. ಇವರು ಬರಲ್ಲ ಎಂದರು. ಮಗ ಸಹಿ ಹಾಕಿದ. ಇಸಿಜಿ ನೋಡಿದ ವೈದ್ಯರು ಕೂಡಲೇ ಚಿಕಿತ್ಸೆ ಶುರು ಮಾಡಿದರು. ಜೀವ ಉಳಿಯಿತು. ಆದರೆ ಎಂಟು ಗಂಟೆಯಲ್ಲಿ ಹೃದಯದ ಸ್ನಾಯುವಿಗೆ ಸಾಕಷ್ಟು ಪೆಟ್ಟು ಬಿದ್ದಿತ್ತು. ಇನ್ನು ಭಾರದ ಕೆಲಸ ಆಗದು ಎಂದು ವೈದ್ಯರು ಹೇಳಿದಾಗ ಅವರ ಹೆಂಡತಿ ನನ್ನ ಹತ್ತಿರ ಬಂದು ಹೇಳಿದ್ದು ಇಷ್ಟು: ‘ಮೂರು ಹಸು ಐತೆ ಕಣವ್ವ. ಬೆಳಗ್ಗೆ ಕರೆದು ಡೇರಿಗೆ ಹಾಲು ಹಾಕೋರು ಯಾರು ಅಂತ ಅವರು ಹೊರಡಲಿಲ್ಲ. ಪಕ್ಕದ ಮನೆಯೋರಿಗೆ ಒಂದು ಮಾತು ಹೇಳಿದ್ರೆ ಕರ್ದು ಕೊಡ್ತಿದ್ರು. ಆಗ ಹೊಳೀಲಿಲ್ಲ.’

ನಿರಾಕರಣೆಯ ಫಾರಂನಲ್ಲಿ ಇದ್ದದ್ದು ‘ಬೇಡ’ ಎನ್ನುವುದಕ್ಕೆ ಸಹಿ. ‘ಯಾಕೆ’ ಎನ್ನುವುದು ಅಲ್ಲಿರಲಿಲ್ಲ. ಇದ್ದಿದ್ದರೆ ಉತ್ತರ ಪಕ್ಕದ ಮನೆಯಲ್ಲೇ ಇತ್ತು.

ಬೇಡ ಎನ್ನುವ ಹಕ್ಕು ರೋಗಿಗೆ ಇದೆ, ಅದರಲ್ಲಿ ಅನುಮಾನ ಬೇಡ. ಪ್ರೌಢ ವಯಸ್ಸಿನ, ಬುದ್ಧಿ ಸ್ಥಿಮಿತದಲ್ಲಿರುವ ವ್ಯಕ್ತಿ ಚಿಕಿತ್ಸೆಯನ್ನು ನಿರಾಕರಿಸಬಹುದು ಎಂಬುದನ್ನು ಸುಪ್ರೀಂ ಕೋರ್ಟ್ 2018ರ ಕಾಮನ್ ಕಾಸ್ ಪ್ರಕರಣದ ತೀರ್ಪಿನಲ್ಲಿ ಒಪ್ಪಿದೆ. ಯಾರನ್ನೂ ಹೊತ್ತು ಗಾಡಿಗೆ ಹಾಕುವಂತಿಲ್ಲ, ಹಾಕಬಾರದು ಕೂಡ. ಆದರೆ ಹಕ್ಕು ಚಲಾಯಿಸಬೇಕಾದರೆ ತಾನು ಏನನ್ನು ಬಿಡುತ್ತಿದ್ದೇನೆ ಎಂಬುದು ಗೊತ್ತಿರಬೇಕಲ್ಲವೇ? ಸಹಿ ಹಾಕುವವರು ಎಷ್ಟೋ ಸಲ ರೋಗಿಯಲ್ಲ, ಮಗ ಅಥವಾ ಗಂಡ. ಮನೆಯ ಹೆಣ್ಣುಮಗಳಿಗೆ ಕಾಯಿಲೆಯಾದರೆ ‘ಅವಳಿಗೆ ಯಾವಾಗಲೂ ಹೀಗೇ’ ಎಂದು ಬೇರೆಯವರೇ ತೀರ್ಮಾನಿಸುವುದನ್ನೂ ನೋಡಿದ್ದೇನೆ. ಇದು ರೋಗಿಯ ಆಯ್ಕೆ ಹೇಗಾದೀತು?

ಹಾಗಾದರೆ ‘ಯಾಕೆ’ ಎಂದು ಕೇಳಿದರೆ ಬರುವ ಉತ್ತರಗಳಾದರೂ ಏನು?

‘ಕಡಿಮೆಯಾಯ್ತು’ ಎನ್ನುವುದು ಮೊದಲನೆಯದು. ನೋವು ಇಳಿದರೆ ಅಪಾಯ ಕಳೆದಂತಲ್ಲ. ಮಾತು ತೊದಲಿ, ಕೈ ಸೋತು, ಸ್ವಲ್ಪ ಹೊತ್ತಿಗೆ ಸರಿಯಾದರೆ ಅದು ಮುಂದೆ ಬರಲಿರುವ ದೊಡ್ಡ ಪಾರ್ಶ್ವವಾಯುವಿನ ಮುನ್ಸೂಚನೆಯಾಗಿರಬಹುದು. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ‘ಬೆಳಗ್ಗೆ ನೋಡೋಣ’ ಎಂದರೆ ಆ ಅವಕಾಶ ರಾತ್ರಿಯೇ ಮುಗಿದಿರುತ್ತದೆ.

‘ತಾಲ್ಲೂಕು ಆಸ್ಪತ್ರೆಯಲ್ಲಿ ಏನಿರುತ್ತೆ’ ಎನ್ನುವುದು ಎರಡನೆಯದು. ಈ ಅಪನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ, ಅನುಭವದಿಂದ ಬಂದದ್ದು. ಆದರೆ ಹೃದಯಾಘಾತದ ವಿಷಯದಲ್ಲಿ ಈಗ ಒಂದು ಬದಲಾವಣೆ ಆಗಿದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2024ರಲ್ಲಿ ಜಾರಿಗೆ ಬಂದ ಮೇಲೆ, ಯೋಜನೆಯ ವ್ಯಾಪ್ತಿಗೆ ಬರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡುತ್ತಾರೆ. ಹೃದಯಾಘಾತ ಖಚಿತವಾದರೆ, ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಬೆಂಗಳೂರಿನ ಆಸ್ಪತ್ರೆಗೇ ಹೋಗಬೇಕೆಂದು ಕಾರು ಹುಡುಕುತ್ತಾ ಕಳೆಯುವ ಎರಡು ಗಂಟೆಗಿಂತ ಹತ್ತಿರದ ಇಸಿಜಿ ಮೇಲು.

ಮೂರನೆಯದು ದುಡ್ಡು. ಆಂಬುಲೆನ್ಸ್ ಉಚಿತವಾದರೂ ಆಸ್ಪತ್ರೆ ಉಚಿತವೇ ಎಂಬ ಭಯ ನ್ಯಾಯವಾದದ್ದೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕೆ ಒತ್ತಾಯಿಸುವಂತಿಲ್ಲ ಎಂದು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಆದರೆ ಊರಿಂದ ಜತೆಗೆ ಬಂದವರ ಊಟ, ಓಡಾಟ, ಕೈತಪ್ಪಿದ ಕೂಲಿ, ಇವಕ್ಕೆ ಯಾವ ಕಾರ್ಡೂ ಇಲ್ಲ. ಬಡವರ ‘ಬೇಡ’ದಲ್ಲಿ ಈ ಲೆಕ್ಕ ಇರುತ್ತದೆ. ಇದನ್ನು ಮೌಢ್ಯ ಎಂದು ಕರೆಯಬಾರದು.

ನಾಲ್ಕನೆಯದು ನೇರವಾಗಿ ನಮ್ಮ ವಯಸ್ಸಿನವರಿಗೆ ಸಂಬಂಧಿಸಿದ್ದು. ಬೈಕಿನಿಂದ ಬಿದ್ದ ಹುಡುಗ ಎದ್ದು ನಿಂತು ‘ನಂಗೇನೂ ಆಗಿಲ್ಲ ಬಿಡ್ರೋ’ ಎನ್ನುತ್ತಾನೆ. ಲೈಸೆನ್ಸ್ ಇಲ್ಲ, ಹೆಲ್ಮೆಟ್ ಇಲ್ಲ, ಪೊಲೀಸ್ ಕೇಸಾದರೆ ಅಪ್ಪನಿಗೆ ಗೊತ್ತಾಗುತ್ತದೆ ಎಂಬ ಭಯ. ತಲೆಗೆ ಪೆಟ್ಟು ಬಿದ್ದವರು ಕೆಲವೊಮ್ಮೆ ಗಂಟೆಗಟ್ಟಲೆ ಚೆನ್ನಾಗಿಯೇ ಮಾತಾಡಿಕೊಂಡಿದ್ದು, ಒಳಗೆ ರಕ್ತ ಕೂಡುತ್ತಾ ಆಮೇಲೆ ಪ್ರಜ್ಞೆ ತಪ್ಪುತ್ತಾರೆ. ಕುಡಿದ ಅಮಲಿನಲ್ಲಿರುವವನ ‘ಬೇಡ’ವನ್ನಂತೂ ಪೂರ್ತಿ ಒಪ್ಪಿಗೆಯ ಮಾತೆಂದು ತಿಳಿಯಲಾಗದು. ಆಸ್ಪತ್ರೆಗೆ ಸೇರಿಸಿದವರ ಕೊರಳಿಗೆ ಕೇಸು ಸುತ್ತಿಕೊಳ್ಳುತ್ತದೆ ಎಂಬ ಅಂಜಿಕೆಯೂ ಬೇಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಯ ಯೋಜನೆಯನ್ನೂ ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿದೆ.

ಇಷ್ಟೆಲ್ಲವನ್ನೂ ರಾತ್ರಿ ಹನ್ನೊಂದು ಗಂಟೆಗೆ, ಗಾಬರಿಗೊಂಡ ಮನೆಯವರಿಗೆ ಹೇಳಬೇಕಾದವರು ಯಾರು? ಆಂಬುಲೆನ್ಸಿನಲ್ಲಿ ಬಂದ ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞ. ಸಂಬಳ ಬಾಕಿ ಎಂದು 108 ಸಿಬ್ಬಂದಿ ಕಳೆದ ಕೆಲವು ವರ್ಷಗಳಲ್ಲಿ ಹಲವು ಬಾರಿ ಪ್ರತಿಭಟಿಸಿದ್ದಾರೆ. ತಿಂಗಳ ಸಂಬಳಕ್ಕೇ ಹೋರಾಡುವವರಿಂದ ಹತ್ತು ನಿಮಿಷ ಕೂತು ಮನವೊಲಿಸುವ ತಾಳ್ಮೆಯನ್ನು ನಿರೀಕ್ಷಿಸುವುದು ಹೇಗೆ? ಕೆಲಸ ಹುಡುಕುತ್ತಿರುವ ನಮ್ಮಲ್ಲಿ ಎಷ್ಟೋ ಮಂದಿ ನಾಳೆ ಅದೇ ಸೀಟಿನಲ್ಲಿ ಕೂರುವವರು. ಹಾಗಾಗಿ ಈ ಬೇಡಿಕೆ ನಮ್ಮದೂ ಹೌದು.

ಸರ್ಕಾರ ಮಾಡಬಹುದಾದದ್ದು ದೊಡ್ಡ ಖರ್ಚಿನದ್ದೇನಲ್ಲ. ನಿರಾಕರಣೆಯ ಪ್ರತಿ ಪ್ರಕರಣದಲ್ಲೂ ಕಾರಣ ಬರೆಸಲಿ. ತಾಲ್ಲೂಕುವಾರು ಆ ಕಾರಣಗಳನ್ನು ಎಣಿಸಿ ಪ್ರಕಟಿಸಲಿ. ಒಂದು ತಾಲ್ಲೂಕಿನಲ್ಲಿ ‘ದುಡ್ಡಿಲ್ಲ’ ಹೆಚ್ಚಿದ್ದರೆ ಅಲ್ಲಿ ಕಾರ್ಡಿನ ಮಾಹಿತಿ ಬೇಕು, ‘ಆಸ್ಪತ್ರೆ ಮೇಲೆ ನಂಬಿಕೆ ಇಲ್ಲ’ ಹೆಚ್ಚಿದ್ದರೆ ವೈದ್ಯರು ಬೇಕು. ಸಹಿಗೆ ಮೊದಲು ರೋಗಿಯೇ ವೈದ್ಯರೊಂದಿಗೆ ಫೋನಿನಲ್ಲಿ ಮಾತಾಡಲಿ. ಒಂದು ಗಂಟೆಯ ನಂತರ ‘ಹೇಗಿದ್ದೀರಿ’ ಎಂದು ಮನೆಗೆ ಮತ್ತೊಂದು ಕರೆ ಹೋಗಲಿ.

ಬಹಳಷ್ಟು ಮನೆಗಳಲ್ಲಿ 108ಕ್ಕೆ ಕರೆ ಮಾಡುವುದು ಕಾಲೇಜಿಗೆ ಹೋಗುವ ಮಕ್ಕಳೇ. ಗಾಡಿ ಬಂದಾಗ ಅಜ್ಜನೋ ಅಮ್ಮನೋ ಬೇಡ ಎಂದರೆ ಅವರೊಂದಿಗೆ ಜಗಳಕ್ಕೆ ನಿಲ್ಲಬೇಕಿಲ್ಲ, ಸಹಿಗೆ ಪೆನ್ನು ಹುಡುಕುವ ಆತುರವೂ ಬೇಡ. ಪಕ್ಕದಲ್ಲಿ ಕೂತು ಯಾಕೆ ಎಂದು ಕೇಳಿ. ಹಸುವೋ, ಒಲೆಯೋ, ಸಾಲವೋ, ಅಕ್ಕಪಕ್ಕದವರ ಕಣ್ಣೋ, ಏನೋ ಒಂದು ಬಾಯಿಗೆ ಬರುತ್ತದೆ. ಆ ಒಂದಕ್ಕೆ ದಾರಿ ಮಾಡಿದರೆ ಅವರು ಚಪ್ಪಲಿ ಮೆಟ್ಟಿಕೊಂಡು ತಾವೇ ಗಾಡಿ ಹತ್ತಬಹುದು.