ಬೀಗ ಹಂಚಿ, ಬೀಗದ ಕೈ ಹಂಚಬೇಡಿ

ನಮ್ಮ ಸುಳ್ಯದ ಕಡೆ ಎಪ್ರಿಲ್-ಮೇ ಬಂತೆಂದರೆ ಮಧ್ಯಾಹ್ನ ಕಳೆದ ಮೇಲೆ ಎಲ್ಲರ ಕಣ್ಣೂ ಆಕಾಶದ ಮೇಲೆ. ಘಟ್ಟದ ಕಡೆ ಕಪ್ಪಾಯಿತೋ, ಮೊದಲು ಮೋಡೆಮಿನ ಪಿನ್ನು ಕೀಳುವುದು, ಆಮೇಲೆ ಅಂಗಳದಲ್ಲಿ ಹರಡಿದ ಅಡಿಕೆ ನೋಡುವುದು. ಇದು ಇಲ್ಲಿ ಕಂಪ್ಯೂಟರ್ ಇಟ್ಟುಕೊಂಡವರಿಗೆಲ್ಲ ಅಭ್ಯಾಸ. ಎರಡು ವರ್ಷದ ಹಿಂದೆ ಒಂದು ದಿನ ನಾನು ಪುತ್ತೂರು ಪೇಟೆಗೆ ಹೋಗಿದ್ದೆ. ಪಿನ್ನು ಕೀಳಲು ಮನೆಯಲ್ಲಿ ಯಾರೂ ಇರಲಿಲ್ಲ. ವಾಪಸು ಬಂದು ನೋಡಿದರೆ ಡೆಸ್ಕ್‌ಟಾಪ್ ಸತ್ತು ಹೋಗಿತ್ತು..

ನನಗೆ ದೊಡ್ಡ ಬೇಸರವೇನೂ ಆಗಲಿಲ್ಲ. ಅದರಲ್ಲಿದ್ದದ್ದು ತೋಟದ ಲೆಕ್ಕ ಬರೆಯುವ ಒಂದು ಸಣ್ಣ ಪ್ರೋಗ್ರಾಂ. ನಾನು, ಬೆಂಗಳೂರಿನಲ್ಲಿರುವ ಅಕ್ಕನ ಮಗ, ಕಡಬದ ಒಬ್ಬ ಗೆಳೆಯ, ಮೂವರೂ ಸೇರಿ ಮಾಡಿದ್ದು. ಎಲ್ಲವೂ ಗಿಟ್‌ನಲ್ಲಿತ್ತು. ಗಿಟ್‌ನ ಗುಣವೇ ಅದು, ಪ್ರತಿಯೊಬ್ಬರ ಯಂತ್ರದಲ್ಲೂ ಪೂರ್ತಿ ಚರಿತ್ರೆ ಇರುತ್ತದೆ. ಒಂದು ಯಂತ್ರಕ್ಕೆ ಸಿಡಿಲು ಹೊಡೆದರೆ ಉಳಿದೆರಡರಲ್ಲಿ ಉಂಟು. ರಿಪೇರಿಯವರು "ಬೋರ್ಡೇ ಹೋಗಿದೆ ಸರ್, ಹೊಸತು ತೆಗೊಳ್ಳಿ" ಅಂದರು. ತೆಗೊಂಡೆ. ಹಳೇ ಡಬ್ಬ ಅಲ್ಲೇ ಬಿಟ್ಟು ಬಂದೆ.

ಒಂದು ವಾರದ ನಂತರ ರಾತ್ರಿ ಮಲಗಿದಾಗ ಹೊಳೆಯಿತು ನೋಡಿ. ಸತ್ತದ್ದು ಬೋರ್ಡು, ಡಿಸ್ಕ್ ಅಲ್ಲ! ಆ ಡಿಸ್ಕ್‌ನಲ್ಲಿ ನನ್ನ ಎಸ್‌ಎಸ್‌ಎಚ್ ಕೀ ಇತ್ತು. ಅದಕ್ಕೆ ಪಾಸ್‌ಫ್ರೇಸ್ ಹಾಕಿರಲಿಲ್ಲ. ಬೆಳಿಗ್ಗೆ ಓಡಿ ಹೋಗಿ ಕೇಳಿದರೆ ಡಬ್ಬ ಗುಜರಿಗೆ ಹೋಗಿಯಾಗಿತ್ತು.

ಹೊಸಬರಿಗಾಗಿ ಒಂದು ಮಾತು. ಎಸ್‌ಎಸ್‌ಎಚ್-ಕೀಜೆನ್ ಎಂಬ ಕಮಾಂಡ್ ಕೊಟ್ಟರೆ (ಈಗ ಇಡಿ25519 ಎಂಬ ಬಗೆ ಆರಿಸಿಕೊಳ್ಳುವುದು ಒಳ್ಳೆಯದು) ಎರಡು ಕಡತಗಳು ಹುಟ್ಟುತ್ತವೆ. ಹೆಸರಿನ ಕೊನೆಗೆ 'ಪಬ್' ಎಂದಿರುವುದು ಬೀಗ. ಅದನ್ನು ಗಿಟ್‌ಹಬ್‌ಗೆ ಕೊಡಿ, ಗಿಟ್‌ಲ್ಯಾಬ್‌ಗೆ ಕೊಡಿ, ಊರಿಗೆಲ್ಲ ಕೊಡಿ, ತೊಂದರೆಯಿಲ್ಲ. ಇನ್ನೊಂದು ಬೀಗದ ಕೈ. ಅದು ಹುಟ್ಟಿದ ಯಂತ್ರ ಬಿಟ್ಟು ಹೊರಗೆ ಹೋಗಬಾರದು. ಪಾಸ್‌ವರ್ಡ್ ಆದರೆ ಪ್ರತಿ ಸಲ ನಮ್ಮಿಂದ ಸರ್ವರ್‌ಗೆ ಹೋಗಬೇಕು. ಇಲ್ಲಿ ಬೀಗದ ಕೈ ಎಲ್ಲಿಗೂ ಹೋಗುವುದಿಲ್ಲ, ಅದು ನಮ್ಮ ಹತ್ತಿರ ಉಂಟು ಎಂಬ ಸಾಕ್ಷಿ ಮಾತ್ರ ಹೋಗುತ್ತದೆ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಕೇಳಿದ್ದರಿಂದಲೇ ಟಾಟು ಯ್ಲೋನೆನ್ ಎಂಬವರು ಎಸ್‌ಎಸ್‌ಎಚ್ ಬರೆದದ್ದು.

ಇಷ್ಟು ಗೊತ್ತಿದ್ದ ನಾನು ಮಾಡಿದ್ದೇನು? 2021ರ ಆಗಸ್ಟ್ 13ರಿಂದ ಗಿಟ್‌ಹಬ್ ಗಿಟ್ ಕೆಲಸಗಳಿಗೆ ಪಾಸ್‌ವರ್ಡ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತಲ್ಲ, ಆಗ ಮೂವರಿಗೂ ಪುಶ್ ಆಗದೆ ನಿಂತಿತು. ನಾನು ಒಂದು ಕೀ ಮಾಡಿ, ಪೆನ್‌ಡ್ರೈವ್‌ನಲ್ಲಿ ಹಾಕಿ ಗೆಳೆಯನಿಗೆ ಕೊಟ್ಟೆ, ಅಳಿಯನಿಗೆ ವಾಟ್ಸಾಪ್ ಮಾಡಿದೆ! "ಸುಲಭ ಆಯ್ತಲ್ಲ ಮಾವ" ಅಂದ ಅವನೂ. ಮೂರು ಮನೆಗೆ ಒಂದೇ ಬೀಗದ ಕೈ ಕೊಟ್ಟ ಹಾಗೆ.

ಗುಜರಿಗೆ ಹೋದ ಕೀಯನ್ನು ಅಳಿಸಲೇಬೇಕಾಯಿತು. ಅಳಿಸಿದ ಕೂಡಲೇ ಮೂವರೂ ಹೊರಗೆ. ಅಳಿಯ ಅದೇ ದಿನ ಒಂದು ತಪ್ಪು ಸರಿ ಮಾಡಿ ಕಳಿಸಬೇಕಿತ್ತು, ಆಗಲಿಲ್ಲ. ಅದಕ್ಕಿಂತ ಹೆಚ್ಚು ನನ್ನನ್ನು ಕೊರೆದದ್ದು ಬೇರೆ. ನೆರೆಕರೆಯ ಇಬ್ಬರು ಆ ಪ್ರೋಗ್ರಾಮನ್ನು ನಮ್ಮ ರೆಪಾಸಿಟರಿಯಿಂದಲೇ ಎಳೆದುಕೊಂಡು ಓಡಿಸುತ್ತಿದ್ದರು. ಆ ಒಂದು ವಾರದಲ್ಲಿ ಯಾರಾದರೂ ನನ್ನ ಹೆಸರಲ್ಲಿ ಏನಾದರೂ ಸೇರಿಸಿದ್ದರೆ ಅದು ನೇರ ಅವರ ಮನೆಯ ಕಂಪ್ಯೂಟರಿಗೆ, ಅವರ ದುಡ್ಡಿನ ಲೆಕ್ಕ ಇರುವಲ್ಲಿಗೆ ಹೋಗುತ್ತಿತ್ತು. ಅವರು ನಂಬಿದ್ದು ಗಿಟ್‌ಹಬ್ಬನ್ನಲ್ಲ, ನನ್ನನ್ನು. ಕೂತು ಒಂದೊಂದೇ ಕಮಿಟ್ ನೋಡಿದೆ. ಏನೂ ಆಗಿರಲಿಲ್ಲ. ನನ್ನ ಪುಣ್ಯ, ಜಾಣತನ ಅಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಎಸ್‌ಎಸ್‌ಎಚ್ ಕಷ್ಟ ಎನ್ನುವುದು ಸುಳ್ಳು. ಹಂಚಿಕೊಳ್ಳುವ ನಮ್ಮ ಚಾಳಿ ಬಿಡುವುದು ಕಷ್ಟ. ಮನುಷ್ಯನಿಗೊಂದು ಅಕೌಂಟ್, ಯಂತ್ರಕ್ಕೊಂದು ಕೀ. ಕೀಗೆ ಯಂತ್ರದ ಹೆಸರಿಡಿ, ಯಾವುದನ್ನು ಅಳಿಸಬೇಕೆಂದು ಆಗ ತಿಳಿಯುತ್ತದೆ. ಒಂದು ಯಂತ್ರ ಹೋದರೆ ಒಂದು ಸಾಲು ಅಳಿಸಿದರೆ ಮುಗಿಯಿತು, ಉಳಿದವರ ಕೆಲಸ ನಿಲ್ಲುವುದಿಲ್ಲ. ಪಾಸ್‌ಫ್ರೇಸ್ ಹಾಕಿ. ಎಸ್‌ಎಸ್‌ಎಚ್-ಏಜೆಂಟ್ ಇದ್ದರೆ ಲಾಗಿನ್ ಆದಾಗ ಒಮ್ಮೆ ಕೊಟ್ಟರೆ ಸಾಕು, ಪ್ರತಿ ಪುಶ್‌ಗೂ ಬೇಡ. 22ನೇ ಪೋರ್ಟ್ ಮುಚ್ಚಿದ ನೆಟ್‌ವರ್ಕ್‌ನಲ್ಲಿದ್ದೀರಾ? ಗಿಟ್‌ಹಬ್ 443ರಲ್ಲೂ ಎಸ್‌ಎಸ್‌ಎಚ್ ಕೊಡುತ್ತದೆ. ಅದಕ್ಕಾಗಿ ಟೋಕನನ್ನು ರೆಪಾಸಿಟರಿಯ ವಿಳಾಸದೊಳಗೆ ತುರುಕಬೇಡಿ. ಅದು ಕಾನ್ಫಿಗ್ ಕಡತದಲ್ಲಿ ಯಾರು ಬೇಕಾದರೂ ಓದುವ ಹಾಗೆ ಕೂತಿರುತ್ತದೆ.

"ನಮ್ಮ ಸಣ್ಣ ಕೆಲಸಕ್ಕೆ ಇಷ್ಟೆಲ್ಲ ಯಾಕೆ ಮಾರಾಯ್ರೆ, ಕಳ್ಳ ಬರುವುದು ದೊಡ್ಡವರ ಮನೆಗೆ" ಎನ್ನುವವರಿದ್ದಾರೆ. ದೊಡ್ಡವರ ಕಥೆಯನ್ನೇ ಹೇಳುತ್ತೇನೆ. 2023ರ ಮಾರ್ಚ್ 24ರಂದು ಗಿಟ್‌ಹಬ್ ತನ್ನ ಆರ್‌ಎಸ್‌ಎ ಹೋಸ್ಟ್ ಕೀಯನ್ನೇ ಬದಲಾಯಿಸಿತು. ಕಾರಣ? ಅದರ ಖಾಸಗಿ ಭಾಗ ಸ್ವಲ್ಪ ಹೊತ್ತು ಒಂದು ಸಾರ್ವಜನಿಕ ರೆಪಾಸಿಟರಿಯಲ್ಲಿ ಎಲ್ಲರಿಗೂ ಕಾಣುವಂತೆ ಇತ್ತು. ಕಳ್ಳ ಬರಲಿಲ್ಲ, ಮನೆಯವರೇ ಬೀಗದ ಕೈಯನ್ನು ಜಗಲಿಯಲ್ಲಿಟ್ಟದ್ದು! ಅವರು ಮುಚ್ಚಿಡದೆ ಹೇಳಿದರು, ಕೀ ಬದಲಿಸಿದರು, ಆರ್‌ಎಸ್‌ಎ ಬಳಸುತ್ತಿದ್ದವರಿಗೆ ಹೆದರಿಕೆ ಹುಟ್ಟಿಸುವ ಎಚ್ಚರಿಕೆ ಕಂಡಿತು. ಇಡಿ25519 ಹೋಸ್ಟ್ ಕೀ ಬಳಸುತ್ತಿದ್ದವರಿಗೆ ಏನೂ ಆಗಲಿಲ್ಲ. ಒಂದು ಕೆಟ್ಟರೆ ಇನ್ನೊಂದು ನಿಲ್ಲಬೇಕು ಎಂಬ ಪಾಠ ಅಲ್ಲೂ ಅದೇ.

ಈಗ ನಮ್ಮ ಮೂವರಿಗೂ ಬೇರೆ ಬೇರೆ ಅಕೌಂಟ್, ಬೇರೆ ಬೇರೆ ಕೀ. ಕಡಬದ ಗೆಳೆಯನಿಗೆ ಫೋನಿನಲ್ಲೇ ಹೇಳಿ ಮಾಡಿಸಿದೆ, ಹತ್ತು ನಿಮಿಷ ಹಿಡಿಯಿತು. ಪೆನ್‌ಡ್ರೈವ್ ಹಿಡಿದು ಬಸ್ಸಿನಲ್ಲಿ ಅವನ ಮನೆಗೆ ಹೋದದ್ದಕ್ಕೆ ಅರ್ಧ ದಿನ ಹಿಡಿದಿತ್ತು!

ಸಿಡಿಲಿಗೆ ಪಿನ್ನು ಕೀಳುವುದನ್ನು ನಮಗೆ ಯಾರೂ ಪಾಠ ಮಾಡಿ ಕಲಿಸಲಿಲ್ಲ, ಒಂದೆರಡು ಮೋಡೆಮ್ ಸುಟ್ಟ ಮೇಲೆ ಕೈ ತಾನಾಗಿ ಹೋಗುತ್ತದೆ. ಕೀಯ ವಿಷಯದಲ್ಲಿ ಸುಟ್ಟ ಮೇಲೆ ಕಲಿಯುವುದು ಬೇಡ. ಇವತ್ತೇ ಒಮ್ಮೆ ನಿಮ್ಮ ಅಕೌಂಟಿನ ಕೀಗಳ ಪಟ್ಟಿ ತೆರೆದು ನೋಡಿ. ಅದರಲ್ಲಿರುವ ಯಂತ್ರಗಳೆಲ್ಲ ಈಗ ಎಲ್ಲಿವೆ ಎಂದು ನಿಮಗೆ ಗೊತ್ತುಂಟಾ?