ಬಿಸಿ ನೀ ಕ್ಯಾಪ್ ಹಾಕಿದರೆ ಸವೆದ ಮಂಡಿ ಸರಿಹೋಗುತ್ತದೆಯೇ?

‘ಮಂಡಿ ಸವೆದಿದೆಯೇ? ಆಪರೇಷನ್ ಬೇಡ, ಮಾತ್ರೆ ಬೇಡ, ಈ ಬಿಸಿ ನೀ ಕ್ಯಾಪ್ ಹಾಕಿದರೆ ಸಾಕು.’ ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಜೊತೆಗೆ ಒಂದು ವಿಡಿಯೊ ಇರುತ್ತದೆ. ನಡೆಯಲಾಗದೆ ಕೂತಿದ್ದ ಹಿರಿಯರೊಬ್ಬರು ಪಟ್ಟಿ ಕಟ್ಟಿಕೊಂಡ ಕೂಡಲೇ ಮೆಟ್ಟಿಲು ಹತ್ತುತ್ತಾರೆ. ಕೊನೆಯಲ್ಲಿ ‘ಇಂದು ಮಾತ್ರ ಅರ್ಧ ಬೆಲೆ’ ಎಂಬ ಸಾಲು ಬರುತ್ತದೆ.

ಇದರಲ್ಲಿ ಎಷ್ಟು ನಿಜ? ಚಿಕ್ಕ ಉತ್ತರ ಹೀಗಿದೆ: ಮಂಡಿಯನ್ನು ಬೆಚ್ಚಗಿಡುವ ಪಟ್ಟಿ ಕೆಲವರಿಗೆ ಬಿಗಿತವನ್ನು ಸ್ವಲ್ಪ ಸಡಿಲಿಸುತ್ತದೆ, ನೋವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತದೆ. ಆದರೆ ಸವೆತವನ್ನು ಅದು ನಿಲ್ಲಿಸುವುದಿಲ್ಲ, ಸವೆದದ್ದನ್ನು ಮತ್ತೆ ಬೆಳೆಸುವುದೂ ಇಲ್ಲ. ಎಲ್ಲ ಮಂಡಿ ನೋವಿಗೂ ಬಿಸಿ ಒಳ್ಳೆಯದು ಎಂಬ ಮಾತಂತೂ ಅಪಾಯಕಾರಿ. ಇನ್ನು ಸ್ವಲ್ಪ ವಿವರವಾಗಿ ನೋಡೋಣ.

ತೆಂಗಿನ ಸೀಮೆಯ ಮಂಡಿಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಭಾಗದಲ್ಲಿ ಮಂಡಿ ನೋವಿನ ಮಾತಿಲ್ಲದ ಮನೆ ಕಡಿಮೆ. ಇಲ್ಲಿನ ಬದುಕು ತೆಂಗು ಮತ್ತು ಉಂಡೆ ಕೊಬ್ಬರಿಯ ಮೇಲೆ ನಿಂತಿದೆ. ಕಾಯಿ ಆಯುವುದು, ಹೊರುವುದು, ಅಟ್ಟಕ್ಕೆ ಏರಿಸುವುದು, ತಿಂಗಳುಗಟ್ಟಲೆ ಒಣಗಿದ ಮೇಲೆ ಇಳಿಸುವುದು, ಮಟ್ಟೆ ಸುಲಿಯುವುದು, ಚಿಪ್ಪು ಒಡೆದು ಉಂಡೆ ತೆಗೆಯುವುದು ಎಲ್ಲವೂ ಬಗ್ಗಿ, ಕುಕ್ಕರಗಾಲಲ್ಲಿ ಕೂತು, ಭಾರ ಎತ್ತಿ ಮಾಡುವ ಕೆಲಸಗಳು. ದಿನವಿಡೀ ನೆಲದ ಮೇಲೆ ಕೂತು ಚಿಪ್ಪು ಬಿಡಿಸುವವರಲ್ಲಿ ಹೆಂಗಸರೇ ಹೆಚ್ಚು.

ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕೂರುವುದು, ಮಂಡಿಯೂರುವುದು, ಭಾರ ಹೊರುವುದು ಮಂಡಿ ಸವೆತದ ಸಾಧ್ಯತೆಯನ್ನು ಹೆಚ್ಚಿಸುತ್ತದೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ತೋರಿಸಿವೆ. ವಯಸ್ಸು, ತೂಕ, ಹಳೆಯ ಪೆಟ್ಟು, ವಂಶವಾಹಿ ಗುಣ ಉಳಿದ ಕಾರಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 52.8 ಕೋಟಿ ಜನರಿಗೆ ಕೀಲು ಸವೆತವಿತ್ತು. ಅವರಲ್ಲಿ ಶೇ 60ರಷ್ಟು ಮಹಿಳೆಯರು. ಅತಿ ಹೆಚ್ಚು ತೊಂದರೆಗೊಳಗಾಗುವ ಕೀಲು ಮಂಡಿಯೇ.

ಕೂಲಿಯಿಂದ ಬದುಕುವವರಿಗೆ ಮಂಡಿ ನೋವೆಂದರೆ ಆ ದಿನದ ಸಂಪಾದನೆ ಹೋದಂತೆ. ಹಾಗಾಗಿ ‘ಹಾಕಿಕೊಂಡರೆ ಸಾಕು’ ಎನ್ನುವ ಪರಿಹಾರ ಆಕರ್ಷಕವಾಗಿ ಕಾಣುವುದು ಸಹಜ. ಮಾರುವವರಿಗೂ ಅದು ಗೊತ್ತು.

ಮಂಡಿಯೊಳಗೆ ಆಗುವುದೇನು?

ತೊಡೆಯ ಮೂಳೆ ಮತ್ತು ಮೊಣಕಾಲಿನ ಮೂಳೆ ಸೇರುವಲ್ಲಿ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಕೀಲು ಸವೆತದಲ್ಲಿ ಈ ಹೊದಿಕೆ ತೆಳುವಾಗುತ್ತದೆ, ಅಂಚಿನಲ್ಲಿ ಮೂಳೆ ಮುಳ್ಳಿನಂತೆ ಬೆಳೆಯುತ್ತದೆ, ಒಳಪೊರೆ ಆಗಾಗ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯುಗಳು ಸೊರಗುತ್ತವೆ. ಮೃದ್ವಸ್ಥಿಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಆದ್ದರಿಂದ ಅದು ಚರ್ಮದ ಗಾಯದಂತೆ ತಾನಾಗಿ ಮಾಯುವುದಿಲ್ಲ. ನೋವು ಬರುವುದು ಮೂಳೆ, ಒಳಪೊರೆ, ಸ್ನಾಯು, ಸ್ನಾಯುಬಂಧಗಳಿಂದ.

ಇಲ್ಲೇ ಒಂದು ಮುಖ್ಯ ವಿಷಯವಿದೆ. ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ಅನುಭವಿಸುವ ನೋವಿಗೂ ನೇರ ಲೆಕ್ಕವಿಲ್ಲ. ಸವೆತ ಹೆಚ್ಚಿದ್ದೂ ಓಡಾಡುವವರಿದ್ದಾರೆ, ಕಡಿಮೆ ಇದ್ದೂ ನರಳುವವರಿದ್ದಾರೆ. ಹಾಗಾಗಿ ಸವೆತ ಹಾಗೇ ಇದ್ದರೂ ನೋವು ಕಡಿಮೆಯಾಗಬಹುದು. ‘ನೋವು ಹೋಯಿತು, ಅಂದರೆ ಮೂಳೆ ಬೆಳೆಯಿತು’ ಎಂಬ ತರ್ಕ ತಪ್ಪುವುದು ಇದರಿಂದಲೇ.

ಬಿಸಿ ಏನು ಮಾಡುತ್ತದೆ?

ಚಳಿಗಾಲದ ಬೆಳಿಗ್ಗೆ ಕೀಲು ಹಿಡಿದುಕೊಂಡಂತೆ ಆಗುವುದು, ಒಲೆ ಮುಂದೆ ಕೂತರೆ ಅಥವಾ ಬಿಸಿನೀರು ಹುಯ್ದುಕೊಂಡರೆ ಸಡಿಲವಾಗುವುದು ಎಲ್ಲರಿಗೂ ಗೊತ್ತಿರುವ ಅನುಭವ. ಅದು ಸುಳ್ಳಲ್ಲ. ಬಿಸಿ ತಾಗಿದಾಗ ಚರ್ಮದ ಕೆಳಗಿನ ರಕ್ತನಾಳಗಳು ಹಿಗ್ಗುತ್ತವೆ, ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ. ಬಿಸಿಯ ಸಂವೇದನೆ ನರಗಳ ಮೂಲಕ ಹೋಗುವಾಗ ನೋವಿನ ಸಂಕೇತದ ತೀವ್ರತೆಯೂ ತಗ್ಗುತ್ತದೆ.

ಆದರೆ ಹೊರಗಿನಿಂದ ಕೊಟ್ಟ ಶಾಖ ಹೆಚ್ಚಾಗಿ ಚರ್ಮ ಮತ್ತು ಅದರ ಕೆಳಗಿನ ಪದರಗಳಲ್ಲೇ ಉಳಿಯುತ್ತದೆ. ಕೀಲಿನ ಆಳಕ್ಕೆ ಹೋಗಿ ಮೃದ್ವಸ್ಥಿಯನ್ನು ಬೆಳೆಸುವ ಶಕ್ತಿ ಅದಕ್ಕಿಲ್ಲ. ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕುವುದಕ್ಕೂ ಇದೇ ಮಾತು. ನೀವುವುದರಿಂದ ಹಿತ ಸಿಗುತ್ತದೆ, ಆದರೆ ಎಣ್ಣೆ ಕೀಲಿನೊಳಗೆ ಇಳಿದು ‘ಗ್ರೀಸ್’ ಆಗುವುದಿಲ್ಲ.

ಪಟ್ಟಿಗೆ ಇನ್ನೊಂದು ಗುಣವಿದೆ. ಮಂಡಿಯನ್ನು ಹಿತವಾಗಿ ಹಿಡಿದಿದ್ದರೆ ಕಾಲು ಎಲ್ಲಿದೆ, ಎಷ್ಟು ಮಡಿಸಿದೆ ಎಂಬ ಅರಿವು ಮೆದುಳಿಗೆ ಸ್ಪಷ್ಟವಾಗುತ್ತದೆ. ಹಾಗಾಗಿ ಹೆಜ್ಜೆ ಇಡಲು ಧೈರ್ಯ ಬರುತ್ತದೆ.

ಅಧ್ಯಯನಗಳು ಏನು ಹೇಳುತ್ತವೆ?

ಅಮೆರಿಕದ ಇಂಡಿಯಾನಾದ ಸಂಶೋಧಕರು 2004ರಲ್ಲಿ ಇದೇ ಪ್ರಶ್ನೆಯನ್ನು ಪರೀಕ್ಷಿಸಿದರು. ಮಂಡಿ ಸವೆತವಿದ್ದ 52 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶಾಖ ಹಿಡಿದಿಡುವ ಪಟ್ಟಿ, ಇನ್ನೊಂದಕ್ಕೆ ಸಾಮಾನ್ಯ ಪಟ್ಟಿ ಕೊಟ್ಟರು. ನಾಲ್ಕು ವಾರ ಕಳೆದ ಮೇಲೆ ಶಾಖದ ಪಟ್ಟಿ ಹಾಕಿದವರ ನೋವು ಮೊದಲಿಗಿಂತ ಕಡಿಮೆಯಾಗಿತ್ತು. ಆದರೆ ಎರಡೂ ಗುಂಪುಗಳನ್ನು ಹೋಲಿಸಿದಾಗ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನ ಚಿಕ್ಕದು, ಅದರಿಂದ ಕೊನೆಯ ತೀರ್ಪು ಕೊಡಲಾಗದು. ಆದರೆ ‘ಪವಾಡ’ ಎನ್ನುವಂಥದ್ದು ಅಲ್ಲಿ ಸಿಗಲಿಲ್ಲ.

ಅಮೆರಿಕದ ಸಂಧಿವಾತ ತಜ್ಞರ ಸಂಘದ 2019ರ ಮಾರ್ಗಸೂಚಿ ಮಂಡಿ ಸವೆತಕ್ಕೆ ವ್ಯಾಯಾಮ, ತೂಕ ಇಳಿಕೆ, ಊರುಗೋಲು, ಹಚ್ಚುವ ನೋವುನಿವಾರಕಗಳನ್ನು ಬಲವಾಗಿ ಶಿಫಾರಸು ಮಾಡುತ್ತದೆ. ಕೀಲಿಗೆ ಗಟ್ಟಿ ಆಧಾರ ಕೊಡುವ ಬ್ರೇಸ್‌ಗಳನ್ನೂ ನಡಿಗೆಗೆ ತೊಂದರೆ ಇರುವವರಿಗೆ ಹೇಳುತ್ತದೆ. ಶಾಖ ಅಥವಾ ತಂಪು ಕೊಡುವುದನ್ನು ಷರತ್ತಿನೊಂದಿಗೆ ಮಾತ್ರ, ಅಂದರೆ ‘ಹಿತವೆನಿಸಿದರೆ ಮಾಡಬಹುದು’ ಎಂಬ ಮಟ್ಟದಲ್ಲಿ ಒಪ್ಪುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಇನ್ನೂ ಬಿಗಿ. ಕೀಲು ಅಸ್ಥಿರವಾಗಿರುವಂಥ ನಿರ್ದಿಷ್ಟ ಸಂದರ್ಭಗಳನ್ನು ಬಿಟ್ಟು ಪಟ್ಟಿ, ಬ್ರೇಸ್‌ಗಳನ್ನು ಎಲ್ಲರಿಗೂ ಕೊಡಬೇಡಿ ಎನ್ನುತ್ತದೆ.

ಟೂರ್ಮಲಿನ್, ಅಯಸ್ಕಾಂತ, ತಾಮ್ರ

ಆನ್‌ಲೈನ್‌ನಲ್ಲಿ ಮಾರುವ ಹಲವು ಪಟ್ಟಿಗಳ ಮೇಲೆ ‘ಟೂರ್ಮಲಿನ್ ಸ್ವಯಂ ಶಾಖ’ ಎಂದಿರುತ್ತದೆ. ಟೂರ್ಮಲಿನ್ ಒಂದು ಖನಿಜ. ಉಷ್ಣತೆ ಬದಲಾದಾಗ ಅದರಲ್ಲಿ ಅತ್ಯಲ್ಪ ವಿದ್ಯುದಾವೇಶ ಹುಟ್ಟುವುದು ನಿಜ. ಆದರೆ ಬ್ಯಾಟರಿ, ಬೆಂಕಿ, ರಾಸಾಯನಿಕ ಕ್ರಿಯೆ ಏನೂ ಇಲ್ಲದೆ ಯಾವ ಕಲ್ಲೂ ಶಾಖವನ್ನು ಹುಟ್ಟಿಸುತ್ತಲೇ ಇರಲಾರದು. ದಪ್ಪ ಬಟ್ಟೆಯಲ್ಲಿ ನಿಮಗೆ ತಾಗುವುದು ನಿಮ್ಮದೇ ಮೈಯ ಬಿಸಿ. ಕಂಬಳಿ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್‌ನಂಥ ವಸ್ತುವನ್ನು ಲೇಪಿಸಿದ್ದರೂ ಚರ್ಮಕ್ಕೆ ಉರಿ ಹತ್ತಿ ಬಿಸಿಯೆನಿಸುತ್ತದೆ. ಬ್ಯಾಟರಿ ಇರುವ ಪಟ್ಟಿ ಮಾತ್ರ ನಿಜವಾಗಿ ಶಾಖ ಕೊಡುತ್ತದೆ.

ಅಯಸ್ಕಾಂತ ಮತ್ತು ತಾಮ್ರದ ಕಥೆಯೂ ಹೀಗೆಯೇ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ರುಮಟಾಯ್ಡ್ ಸಂಧಿವಾತದ 70 ರೋಗಿಗಳ ಮೇಲೆ ತಾಮ್ರದ ಬಳೆ ಮತ್ತು ಅಯಸ್ಕಾಂತದ ಪಟ್ಟಿಗಳನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿದರು. ನಕಲಿ ಪಟ್ಟಿಗಳಿಗೆ ಹೋಲಿಸಿದರೆ ಅವುಗಳಿಂದ ಅರ್ಥಪೂರ್ಣ ಲಾಭ ಸಿಗಲಿಲ್ಲ.

ಎಲ್ಲ ಮಂಡಿ ನೋವೂ ಸವೆತವಲ್ಲ

ಈ ಫಾರ್ವರ್ಡ್‌ಗಳ ದೊಡ್ಡ ಅಪಾಯ ಹಣ ಹೋಗುವುದಲ್ಲ, ಸಮಯ ಹೋಗುವುದು.

ಬೆಳಿಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾದರೆ ಅದು ಸಾಮಾನ್ಯವಾಗಿ ಸವೆತದ ಲಕ್ಷಣ. ಒಂದು ಗಂಟೆಗಿಂತ ಹೆಚ್ಚು ಹೊತ್ತು ಉಳಿದರೆ, ಬೆರಳು ಮತ್ತು ಮಣಿಕಟ್ಟಿನ ಕೀಲುಗಳೂ ಎರಡೂ ಕಡೆ ಊದಿಕೊಂಡರೆ ರುಮಟಾಯ್ಡ್ ಸಂಧಿವಾತದ ಅನುಮಾನ ಪಡಬೇಕು. ಇದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಮೇಲೆ ದಾಳಿ ಮಾಡುತ್ತದೆ. ಬೇಗ ಔಷಧ ಶುರುಮಾಡಿದರೆ ಹಾನಿ ತಡೆಯಬಹುದು. ಪಟ್ಟಿ ಕಟ್ಟಿಕೊಂಡು ವರ್ಷ ಕಳೆದರೆ ಸೊಟ್ಟಗಾದ ಬೆರಳುಗಳನ್ನು ಔಷಧ ನೆಟ್ಟಗೆ ಮಾಡಲಾರದು.

ಚಿಕೂನ್‌ಗುನ್ಯಾ ಇನ್ನೊಂದು ಕಾರಣ. 2006ರ ಹಾವಳಿಯಲ್ಲಿ ಕರ್ನಾಟಕವೊಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಿದ್ದವು. ಜ್ವರ ಬಿಟ್ಟ ಮೇಲೂ ಕೆಲವರಿಗೆ ಕೀಲು ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಇದನ್ನು ಹರಡುವ ಈಡಿಸ್ ಸೊಳ್ಳೆ ತೋಟದಲ್ಲಿ ಬಿದ್ದ ಚಿಪ್ಪಿನಲ್ಲಿ ನಿಂತ ಮಳೆನೀರಿನಲ್ಲೂ ಮರಿ ಮಾಡುತ್ತದೆ. ಚಿಪ್ಪು ಬೋರಲು ಹಾಕುವುದೂ ಕೀಲುಗಳನ್ನು ಕಾಪಾಡುವ ಕೆಲಸವೇ.

ನೀರಿನ ಫ್ಲೋರೈಡ್ ಮೂರನೆಯದು. ತುಮಕೂರು ಜಿಲ್ಲೆಯ ಪಾವಗಡದ ಸಮಸ್ಯೆ ನಾಡಿಗೆಲ್ಲ ಗೊತ್ತು. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು. ಅದಕ್ಕಿಂತ ಬಹಳ ಹೆಚ್ಚಿರುವ ಕೊಳವೆಬಾವಿ ನೀರನ್ನು ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನು ಬಿಗಿಯುತ್ತವೆ. ಅಲ್ಲಿ ಬದಲಾಗಬೇಕಾದದ್ದು ನೀರು.

ಮಂಡಿ ಏಕಾಏಕಿ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ಜ್ವರ ಬಂದರೆ ಅದು ಕೀಲಿನ ಸೋಂಕಾಗಿರಬಹುದು. ಅಂಥ ಮಂಡಿಗೆ ಶಾಖ ಕೊಡಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಕಾಲ ಮೇಲೆ ಭಾರ ಹಾಕಲಾಗದಿದ್ದರೆ, ಮೀನಖಂಡ ಊದಿಕೊಂಡು ನೋಯುತ್ತಿದ್ದರೂ ಹಾಗೆಯೇ.

ಪಟ್ಟಿ ಹಾಕಲೇಬೇಕೆಂದಿದ್ದರೆ

- ದುಬಾರಿಯದು ಬೇಕಿಲ್ಲ. ಮೆಡಿಕಲ್ ಸ್ಟೋರ್‌ನ ಸಾದಾ ನೀ ಕ್ಯಾಪ್ ಸಾಕು. ಅಳತೆ ನೋಡಿ, ಹಾಕಿ ನೋಡಿ ಕೊಳ್ಳಿ.
- ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲವಿರಲಿ. ಪಾದ ಜುಮ್ಮೆಂದರೆ, ತಣ್ಣಗಾದರೆ, ಊದಿದರೆ ತೆಗೆಯಿರಿ.
- ಕೆಲಸ ಮಾಡುವಾಗ, ನಡೆಯುವಾಗ ಹಾಕಿ. ಮಲಗುವಾಗ ತೆಗೆದಿಡಿ.
- ಬೆವರು ಕಟ್ಟಿ ತುರಿಕೆ, ಗುಳ್ಳೆ ಬರುತ್ತವೆ. ದಿನವೂ ತೊಳೆದು ಒಣಗಿಸಿ. ಗಾಯದ ಮೇಲೆ ಹಾಕಬೇಡಿ.
- ಶಾಖ ಕೊಡುವುದಾದರೆ ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಟ್ಟರೆ ಸಾಕು.
- ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶಜ್ಞಾನ ಕಡಿಮೆಯಾದವರು, ಕಾಲಿನ ರಕ್ತಸಂಚಾರದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಶಾಖ ಕೊಡಬೇಡಿ. ಸುಟ್ಟದ್ದು ಗೊತ್ತಾಗುವಷ್ಟರಲ್ಲಿ ಗಾಯವಾಗಿರುತ್ತದೆ.

ಹಾಗಾದರೆ ಕೆಲಸ ಮಾಡುವುದು ಯಾವುದು?

ಮೊದಲನೆಯದು ತೊಡೆಯ ಸ್ನಾಯುವಿಗೆ ಬಲ. ಕುರ್ಚಿಯ ಮೇಲೆ ಕೂತು ಒಂದು ಕಾಲನ್ನು ನೇರ ಚಾಚಿ ಐದು ಎಣಿಸಿ ಇಳಿಸುವುದು, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಸಮತಟ್ಟಾದ ನೆಲದಲ್ಲಿ ನಡೆಯುವುದು. ಲಾಭ ನಿಧಾನ, ವಾರಗಟ್ಟಲೆ ಬಿಡದೆ ಮಾಡಬೇಕು. ಎಲ್ಲರಿಗೂ ದೊಡ್ಡ ಬದಲಾವಣೆ ಆಗುವುದಿಲ್ಲ. ಆದರೂ ಇದಕ್ಕೆ ಇರುವಷ್ಟು ಆಧಾರ ಪಟ್ಟಿಗೆ ಇಲ್ಲ. ಪಟ್ಟಿಯಿಂದ ಸಿಗುವ ಆರಾಮವನ್ನು ಈ ವ್ಯಾಯಾಮಕ್ಕೆ ಬಳಸಿಕೊಂಡರೆ ಅದೇ ಪಟ್ಟಿಯ ಒಳ್ಳೆಯ ಉಪಯೋಗ.

ಎರಡನೆಯದು ತೂಕ. ತೂಕ ಹೆಚ್ಚಿರುವವರು ಒಂದು ಕಿಲೊ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೊ ಇಳಿಯುತ್ತದೆ ಎಂದು 2005ರ ಅಧ್ಯಯನವೊಂದು ತೋರಿಸಿದೆ.

ಮೂರನೆಯದು ಕೆಲಸದ ರೀತಿ. ಚಿಪ್ಪು ಬಿಡಿಸುವಾಗ ನೆಲದ ಬದಲು ಎತ್ತರದ ಮಣೆ ಅಥವಾ ಸ್ಟೂಲ್, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ, ದೊಡ್ಡ ಮೂಟೆಯ ಬದಲು ಎರಡು ಚಿಕ್ಕ ಮೂಟೆ. ಮನೆಯಲ್ಲಿ ಎತ್ತರದ ಕಮೋಡ್. ಊರುಗೋಲನ್ನು ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಕೂಲಿಗೆ ಕರೆಯುವವರು ಸ್ಟೂಲ್ ಮತ್ತು ಬಿಡುವು ಕೊಟ್ಟರೆ ಅದು ನೂರು ಫಾರ್ವರ್ಡ್‌ಗಳಿಗಿಂತ ಹೆಚ್ಚು ಮಂಡಿಗಳನ್ನು ಉಳಿಸುತ್ತದೆ.

ನೋವಿನ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಪೆಟ್ಟು. ಹಚ್ಚುವ ಜೆಲ್ ಹೆಚ್ಚು ಸುರಕ್ಷಿತ. ಸವೆತ ಮಿತಿ ಮೀರಿ ನಡೆಯುವುದೇ ಕಷ್ಟವಾದವರಿಗೆ ಮಂಡಿ ಬದಲಾವಣೆ ಶಸ್ತ್ರಚಿಕಿತ್ಸೆ ನಿಜವಾದ ಪರಿಹಾರ. ಅದಕ್ಕೆ ಹೆದರಿಸುವ ಜಾಹೀರಾತುಗಳನ್ನು ನಂಬಬೇಡಿ.

ಫಾರ್ವರ್ಡ್ ಮಾಡುವ ಮುನ್ನ

ಸಂದೇಶದಲ್ಲಿ ‘ಶೇ 100 ಗುಣ’, ‘ಮೂಳೆ ಮತ್ತೆ ಬೆಳೆಯುತ್ತದೆ’, ‘ಎಲ್ಲ ಬಗೆಯ ನೋವಿಗೂ’ ಎಂಬ ಮಾತಿದ್ದರೆ ಅಲ್ಲೇ ನಿಲ್ಲಿ. ರೋಗ ಗುಣಪಡಿಸುವುದಾಗಿ ಜಾಹೀರಾತು ಕೊಡುವುದನ್ನು ನಿರ್ಬಂಧಿಸುವ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ರೋಗಪಟ್ಟಿಯಲ್ಲಿ ಸಂಧಿವಾತವೂ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಂಡವಿದೆ. ಮೋಸ ಹೋಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಮನೆಯ ಹಿರಿಯರು ಈಗಾಗಲೇ ಪಟ್ಟಿ ತರಿಸಿ ಹಾಕಿಕೊಂಡು ‘ಹಾಯಾಗಿದೆ’ ಎನ್ನುತ್ತಿದ್ದರೆ ಗದರಿಸಿ ತೆಗೆಸಬೇಕಿಲ್ಲ. ಹಾಕಿಕೊಳ್ಳಲಿ. ಆದರೆ ಎರಡು ಪ್ರಶ್ನೆ ಕೇಳಿ: ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ? ಬೇರೆ ಕೀಲುಗಳೂ ಊದುತ್ತವೆಯೇ? ಬಿಗಿತ ಗಂಟೆ ದಾಟುತ್ತದೆ ಎಂದರೆ, ಅಥವಾ ಬೇರೆ ಕೀಲುಗಳೂ ಊದುತ್ತವೆ ಎಂದರೆ, ಈ ವಾರವೇ ವೈದ್ಯರ ಬಳಿ ಕರೆದುಕೊಂಡು ಹೋಗಿ.