ಎಮ್ಮೆಗೆ ಬರುವ ಸೂಜಿ ನಾಯಿಗೂ ಬರಲಿ

ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರದಂಥ ಊರುಗಳಲ್ಲಿ ಹೊಲ ಕಾಯುವ ನಾಯಿಗೆ ರೊಟ್ಟಿ ಹಾಕುವವರು ಬಹಳ, ರೇಬೀಸ್ ಲಸಿಕೆ ಹಾಕಿಸುವವರು ಕಡಿಮೆ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ಇದೇ ಬೀದರ್ ಜಿಲ್ಲೆಯಲ್ಲಿ!

ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ವಿರಳ. ತಡೆಯುವುದು ಮಾತ್ರ ಸುಲಭ: ಮರಿಗೆ 3 ತಿಂಗಳಾದಾಗ ಮೊದಲ ಲಸಿಕೆ, ವೈದ್ಯರು ಹೇಳಿದಾಗ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ. ಬೆಕ್ಕಿಗೂ ಇದೇ ಲೆಕ್ಕ. ಇಲಿ ಹಿಡಿಯಲಿ ಎಂದು ಸಾಕಿದ ಬೆಕ್ಕು ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಅಪರೂಪ.

ಕಚ್ಚಿದ ಗಾಯಕ್ಕೆ ಸುಣ್ಣ, ಖಾರದಪುಡಿ ಮೆತ್ತುವ ಚಾಳಿ ಇನ್ನೂ ಹೋಗಿಲ್ಲ. ಬೇಕಾದದ್ದು ಸಾಬೂನು, ಹರಿಯುವ ನೀರು, 15 ನಿಮಿಷದ ತಾಳ್ಮೆ, ಕೂಡಲೇ ಆಸ್ಪತ್ರೆ. 2022ರಲ್ಲಿ ಕರ್ನಾಟಕ ಸರ್ಕಾರ ಮನುಷ್ಯರ ರೇಬೀಸನ್ನು ಅಧಿಸೂಚಿತ ರೋಗವೆಂದು, ಅಂದರೆ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕೆಂದು ಘೋಷಿಸಿತು. ಸತ್ತವರ ಲೆಕ್ಕ ಸಿಕ್ಕೀತು, ಸಾವು ತಪ್ಪಬೇಕಾದರೆ ನಾಯಿಗೆ ಲಸಿಕೆ ಬೀಳಬೇಕು.

ದನ, ಎಮ್ಮೆಗಳಿಗೆ ಕಾಲುಬಾಯಿ ಬೇನೆಯ ಲಸಿಕೆ ಹಿಡಿದು ಪಶು ಇಲಾಖೆಯ ಸಿಬ್ಬಂದಿ ದೊಡ್ಡಿಯವರೆಗೆ ಬರುತ್ತಾರೆ. ಅದೇ ಐಸ್ ಪೆಟ್ಟಿಗೆಯಲ್ಲಿ ರೇಬೀಸ್ ಲಸಿಕೆಯನ್ನೂ ಏಕೆ ತರಬಾರದು? ನಾಯಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹುಮನಾಬಾದಿಗೋ ಬಸವಕಲ್ಯಾಣಕ್ಕೋ ಹೋಗುವ ಕಸರತ್ತು ತಪ್ಪುತ್ತದೆ. ಬೆಕ್ಕನ್ನು ಹಿಡಿದುಕೊಡುವ ಕೆಲಸ ಮಾತ್ರ ಮನೆಯವರದ್ದೇ.